ಒಂಟಿಯಾಗಿರುವವರ ಮನೆಗೆ ಕೊನೆಗೆ

ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಾದ ತಪಸ್ಸುಕಾಲ ಬಂತೆಂದರೆ ಕ್ರೈಸ್ತ ಕುಟುಂಬಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಈ ಸಲ ಏನು ಬಿಡುತ್ತೀರಿ? ಒಬ್ಬರು ಮಾಂಸ ಬಿಡುತ್ತಾರೆ, ಒಬ್ಬರು ಸಿಹಿ, ಇನ್ನೊಬ್ಬರು ಮೊಬೈಲ್ ನೋಡುವುದನ್ನು. ನಾನೂ ಪ್ರತಿವರ್ಷ ಏನಾದರೊಂದನ್ನು ಬಿಟ್ಟು, ಪಾಸ್ಕ (ಈಸ್ಟರ್) ಹಬ್ಬದ ಮರುದಿನದಿಂದ ಅದನ್ನೇ ಬಡ್ಡಿ ಸಮೇತ ಹಿಡಿದುಕೊಳ್ಳುತ್ತಿದ್ದವಳು. ಆದರೆ ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರದ ಶುಭಸಂದೇಶ ವಾಚನದಲ್ಲಿ ಬಿಡುವುದು ಬರುವುದು ಕಟ್ಟಕಡೆಗೆ. ಮತ್ತಾಯನ ಆರನೆಯ ಅಧ್ಯಾಯದಲ್ಲಿ ಮೊದಲು ದಾನ, ನಂತರ ಪ್ರಾರ್ಥನೆ, ಆಮೇಲೆ ಉಪವಾಸ. ಒಂದು ವರ್ಷ ನಮ್ಮ ಗುರುಗಳು ಪ್ರಬೋಧನೆಯಲ್ಲಿ ಈ ಕ್ರಮವನ್ನೇ ಎತ್ತಿಕೊಂಡು, ಕೊಡಲು ಹಣವಿಲ್ಲದವರು ಹೊತ್ತು ಕೊಡಬಹುದು, ಧರ್ಮಕೇಂದ್ರದ (ಪ್ಯಾರಿಷ್‌ನ) ಮನೆಭೇಟಿಯ ತಂಡಕ್ಕೆ ಜನ ಸಾಲದು ಎಂದರು.

ಬಲಿಪೂಜೆ ಮುಗಿದ ಮೇಲೆ ಅವರು ನನ್ನನ್ನೇ ಕರೆದು ಕೇಳಿದರು. ಲೆಕ್ಕ ಬರೆಯುವುದು ನನ್ನ ಉದ್ಯೋಗ. ತಂಡದ ಪುಸ್ತಕ ಬರೆದುಕೊಟ್ಟರೆ ಕುಳಿತಲ್ಲೇ ಸೇವೆಯಾಗುತ್ತದೆ ಎಂಬ ಲೆಕ್ಕಾಚಾರದಿಂದಲೇ ಒಪ್ಪಿಕೊಂಡೆ. ತಂಡವನ್ನು ನಡೆಸುತ್ತಿದ್ದವರು ನಿವೃತ್ತ ಶಿಕ್ಷಕಿ; ಚಿಕ್ಕವರಿಗೂ ದೊಡ್ಡವರಿಗೂ ಅವರು ‘ಟೀಚರ್’. ನಾನು ಪುಸ್ತಕ ತೆರೆಯುವ ಮೊದಲೇ ಅವರು, "ಇಲ್ಲಿ ಬರೀ ಲೆಕ್ಕ ಬರೆಯುವವರು ಯಾರೂ ಇಲ್ಲಮ್ಮ. ಕಾಲಿಡದ ಮನೆಯ ಲೆಕ್ಕವನ್ನು ನೀನು ಹೇಗೆ ಬರೆಯುತ್ತೀ?" ಎಂದು ಕೇಳಿ, ಮುಂದಿನ ಶನಿವಾರ ತಮ್ಮ ಜೊತೆ ಬರಲು ಹೇಳಿದರು.

ನಾನು ಸೇರಿದ್ದು ಸಂತ ವಿನ್ಸೆಂಟ್ ದೆ ಪೌಲರ ಹೆಸರಿನ ಸಭೆಯ ಒಂದು ಘಟಕಕ್ಕೆ. ಈ ಸಭೆಯನ್ನು ಆರಂಭಿಸಿದವರು ಗುರುಗಳೂ ಅಲ್ಲ, ಕನ್ಯಾಸ್ತ್ರೀಯರೂ ಅಲ್ಲ, ವಿದ್ಯಾರ್ಥಿಗಳು. ಪ್ಯಾರಿಸ್ಸಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಫ್ರೆಡರಿಕ್ ಒಜಾನಾಂ ಮತ್ತು ಗೆಳೆಯರು ಧರ್ಮದ ಪರವಾಗಿ ಚರ್ಚಾಕೂಟಗಳಲ್ಲಿ ವಾದಿಸುತ್ತಿದ್ದರು. ನಿಮ್ಮ ಧರ್ಮಸಭೆ ಹಿಂದೆ ಏನೇನೋ ಮಾಡಿರಬಹುದು, ಈಗ ನೀವು ಬಡವರಿಗಾಗಿ ಏನು ಮಾಡುತ್ತಿದ್ದೀರಿ ಎಂದು ಎದುರಾಳಿ ಕೇಳಿದಾಗ ವಾದಕ್ಕೆ ಉತ್ತರ ಸಿಗಲಿಲ್ಲ. 1833ರ ಏಪ್ರಿಲ್ 23ರಂದು, ಒಜಾನಾಂಗೆ ಇಪ್ಪತ್ತು ತುಂಬಿದ ದಿನವೇ, ಅವರು ಮೊದಲ ಸಲ ಸಭೆ ಸೇರಿದರು. ಹುಮ್ಮಸ್ಸಿತ್ತು, ಆದರೆ ಬಡವರ ಮನೆಯ ಬಾಗಿಲನ್ನು ತಟ್ಟುವುದು ಹೇಗೆಂಬುದೇ ಆ ಹುಡುಗರಿಗೆ ತಿಳಿದಿರಲಿಲ್ಲ. ಅದನ್ನು ಕಲಿಸಿದವರು ಪ್ಯಾರಿಸ್ಸಿನ ಬಡ ಬೀದಿಗಳಲ್ಲಿ ದುಡಿಯುತ್ತಿದ್ದ ಸಿಸ್ಟರ್ ರೊಸಾಲಿ ರೆಂಡು. ಯಾವ ಮನೆಗೆ ಹೋಗಬೇಕು, ಹೋಗಿ ಹೇಗೆ ನಡೆದುಕೊಳ್ಳಬೇಕು ಎಂದು ಹೇಳಿ ಕಳುಹಿಸುತ್ತಿದ್ದರು. ನನ್ನ ಪಾಲಿಗೆ ಆ ಕೆಲಸವನ್ನು ಟೀಚರ್ ಮಾಡಿದರು.

ನಮ್ಮ ಸಭೆಗಳು ನೋಡುವವರಿಗೆ ಸಪ್ಪೆ. ಪ್ರಾರ್ಥನೆ, ಒಂದು ಸಣ್ಣ ವಾಚನ, ಹಿಂದಿನ ವಾರದ ಭೇಟಿಗಳ ವರದಿ, ಯಾರಿಗೆ ಏನು ಬೇಕು ಎಂಬ ಚರ್ಚೆ, ಮುಂದಿನ ವಾರದ ಹಂಚಿಕೆ. ಕೊನೆಗೆ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಅದನ್ನು ಗುಪ್ತ ಕಾಣಿಕೆಯ ಚೀಲ ಎನ್ನುತ್ತೇವೆ. ಮುಷ್ಟಿ ಕಟ್ಟಿ ಕೈಯನ್ನು ಒಳಗಿಡಬೇಕು. ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ ಎಂಬುದು ಪಕ್ಕದಲ್ಲಿ ಕುಳಿತವರಿಗೂ ತಿಳಿಯಬಾರದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಯೇಸುಸ್ವಾಮಿಯ ಮಾತನ್ನು ಇಷ್ಟು ಅಕ್ಷರಶಃ ಪಾಲಿಸುವ ಇನ್ನೊಂದು ಏರ್ಪಾಡನ್ನು ನಾನು ಕಂಡಿಲ್ಲ. ಆದರೆ ರಸೀದಿಯಿಲ್ಲದ ಆದಾಯವನ್ನು ಪುಸ್ತಕಕ್ಕೆ ಏರಿಸುವುದೆಂದರೆ ನನ್ನಂಥವರ ಕೈ ನಡುಗುತ್ತದೆ. ಟೀಚರ್ ಬಗೆಹರಿಸಿದರು: ಗುಟ್ಟು ಕೊಟ್ಟವರದ್ದು, ಮೊತ್ತದ್ದಲ್ಲ. ಚೀಲವನ್ನು ಎಲ್ಲರ ಎದುರಿಗೇ ಸುರಿದು, ಇಬ್ಬರು ಎಣಿಸಿ, ಅಲ್ಲೇ ಬರೆದು ಇಬ್ಬರೂ ಸಹಿ ಹಾಕಬೇಕು. ಅಂದಿನಿಂದ ಅದು ಹಾಗೆಯೇ ನಡೆಯುತ್ತಿದೆ.

ಮೊದಲ ಭೇಟಿಗೆ ಮೊದಲು ನನಗೆ ಪಾಠವಾಯಿತು. ಒಬ್ಬರೇ ಹೋಗುವಂತಿಲ್ಲ, ಇಬ್ಬರು ಹೋಗಬೇಕು. ಯೇಸು ಶಿಷ್ಯರನ್ನು ಕಳುಹಿಸಿದ್ದೂ ಇಬ್ಬಿಬ್ಬರನ್ನಾಗಿ. ಬಾಗಿಲು ತೆರೆದಿದ್ದರೂ ಕರೆಯುವವರೆಗೆ ಒಳಗೆ ಹೋಗಬಾರದು. ಹಾಸಿಗೆ ಹಿಡಿದವರ ಎದುರು ನಿಂತು ಮಾತನಾಡಬಾರದು, ಅವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಬೇಕು. ಮನೆಯೊಳಗೆ ಪುಸ್ತಕ ತೆಗೆದು ಬರೆಯಬಾರದು, ಬರೆಯುವುದೇನಿದ್ದರೂ ಹೊರಗೆ ಬಂದ ಮೇಲೆ. ಫೋಟೋ ತೆಗೆಯುವ ಮಾತೇ ಇಲ್ಲ. ಅವರು ಕೇಳದೆ ಪ್ರಾರ್ಥನೆಗೆ ತೊಡಗಬಾರದು, ಉಪದೇಶ ಮಾಡಲೇಬಾರದು. ಇವೆಲ್ಲ ನನಗೆ ಸುಲಭವಾಗಿ ಒಪ್ಪಿಗೆಯಾದವು. ಕಷ್ಟವೆನಿಸಿದ್ದು ಒಂದೇ: "ಏನು ಬೇಕು ಎಂದು ಕೇಳಬೇಕು, ಕೇಳಿದ ಮೇಲೆ ಸುಮ್ಮನಿರಬೇಕು. ಉತ್ತರ ಬರುವುದು ತಡವಾದರೆ ನೀನೇ ಉತ್ತರ ಕೊಟ್ಟುಕೊಳ್ಳಬೇಡ."

ದಾರಿಯಲ್ಲಿ ಟೀಚರ್ ವಿನ್ಸೆಂಟರ ಕಥೆ ಹೇಳಿದರು. 1617ರ ಆಗಸ್ಟಿನಲ್ಲಿ, ಫ್ರಾನ್ಸಿನ ಶಾತಿಯೋಂ ಎಂಬ ಸಣ್ಣ ಊರಿನಲ್ಲಿ ಅವರು ಗುರುಗಳಾಗಿದ್ದಾಗ, ಒಂದು ಭಾನುವಾರ ಬಲಿಪೂಜೆಗೆ ಸಿದ್ಧರಾಗುತ್ತಿದ್ದರಂತೆ. ಊರಾಚೆಯ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡಿಕೊಳ್ಳುವವರು ಯಾರೂ ಇಲ್ಲ ಎಂಬ ಸುದ್ದಿ ಬಂತು. ಪ್ರಬೋಧನೆಯಲ್ಲಿ ಅದನ್ನೇ ಮನಮುಟ್ಟುವಂತೆ ಹೇಳಿದರು. ಮಧ್ಯಾಹ್ನ ತಾವೇ ಆ ಮನೆಗೆ ಹೊರಟಾಗ ದಾರಿಯುದ್ದಕ್ಕೂ ಊರಿನ ಹೆಂಗಸರು ಹೋಗುವವರು, ಬರುವವರು. ಮನೆಯಲ್ಲಿ ಆಹಾರ ರಾಶಿ ಬಿದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ವಂದನೆ ಹೇಳಿ ಮನೆಗೆ ಹೋಗುತ್ತಿದ್ದರು. ವಿನ್ಸೆಂಟರು ಯೋಚಿಸಿದ್ದು ಬೇರೆ: ಇವತ್ತು ಬಂದದ್ದರಲ್ಲಿ ಹೆಚ್ಚಿನದು ಕೆಟ್ಟುಹೋಗುತ್ತದೆ, ಕೆಲವು ದಿನ ಕಳೆದರೆ ಇವರು ಮತ್ತೆ ಹಸಿದಿರುತ್ತಾರೆ. ದಯೆ ಬೇಕಾದಷ್ಟಿದೆ, ವ್ಯವಸ್ಥೆಯಿಲ್ಲ. ಒಂದೆರಡು ದಿನಗಳಲ್ಲೇ ಅಲ್ಲಿನ ಹೆಂಗಸರನ್ನು ಕೂಡಿಸಿ, ಒಬ್ಬೊಬ್ಬರು ಒಂದೊಂದು ದಿನ ಎಂದು ಸರದಿ ಗೊತ್ತು ಮಾಡಿದರು, ಅವರಿಗಾಗಿ ನಿಯಮಾವಳಿ ಬರೆದರು.

ಆ ನಿಯಮಾವಳಿಯ ವಿವರ ಕೇಳಿದಾಗಲೇ ನನಗೆ ವಿನ್ಸೆಂಟರ ಮೇಲೆ ನಿಜವಾದ ಗೌರವ ಹುಟ್ಟಿದ್ದು. ರೋಗಿಯನ್ನು ನಗುಮುಖದಿಂದ ಮಾತನಾಡಿಸಬೇಕು, ಹಾಸಿಗೆಯ ಮೇಲೆ ತಟ್ಟೆಯಿಡಲು ಹಲಗೆ ಹಾಕಬೇಕು, ಅದರ ಮೇಲೆ ಬಟ್ಟೆ ಹಾಸಬೇಕು, ಲೋಟ, ಚಮಚ ಇಡಬೇಕು, ಕೈ ತೊಳೆಸಬೇಕು, ಆಮೇಲೆ ಊಟ. ಹೆತ್ತ ಮಗನಿಗೆ ಬಡಿಸುವಷ್ಟು ಪ್ರೀತಿಯಿಂದ ಬಡಿಸಬೇಕು. ಇಷ್ಟಾದ ಮೇಲೆ ಇನ್ನೊಂದು ಸೂಚನೆ: ಜೊತೆಗೆ ಯಾರಾದರೂ ಇರುವ ರೋಗಿಗಳಿಂದ ಆರಂಭಿಸಿ, ಒಂಟಿಯಾಗಿರುವವರ ಬಳಿ ಕೊನೆಗೆ ಹೋಗಬೇಕು, ಅವರೊಂದಿಗೆ ಹೆಚ್ಚು ಹೊತ್ತು ಇರಲು ಸಾಧ್ಯವಾಗಲೆಂದು. ದೇವರ ಪ್ರೀತಿಯ ಬಗ್ಗೆ ನಾನು ಕೇಳಿದ ಪ್ರಬೋಧನೆಗಳು ಹಲವು. ಪ್ರೀತಿಯನ್ನು ವೇಳಾಪಟ್ಟಿಯೊಳಗೆ ಹೀಗೆ ಕೂಡಿಸಿದ ಮಾತನ್ನು ಮಾತ್ರ ಅದೇ ಮೊದಲು ಕೇಳಿದ್ದು. ನಮ್ಮ ತಂಡ ಇವತ್ತಿಗೂ ಮನೆಗಳ ಪಟ್ಟಿಯನ್ನು ಇದೇ ಕ್ರಮದಲ್ಲಿ ಬರೆಯುತ್ತದೆ.

ನನ್ನ ಪಾಲಿಗೆ ಬಂದ ಮನೆಗಳಲ್ಲಿ ಕೊನೆಯದು ಒಬ್ಬ ಹಿರಿಯ ದರ್ಜಿಯದ್ದು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರು ಕ್ರೈಸ್ತರಲ್ಲ, ತಂಡ ಅದನ್ನು ಕೇಳುವುದೂ ಇಲ್ಲ. ಹಿಂದಿನಿಂದಲೂ ಹೀಗೆಯೇ. ಕ್ರೈಸ್ತ ಧರ್ಮವನ್ನು ಬಿಟ್ಟು ಹಳೆಯ ದೇವತೆಗಳ ಆರಾಧನೆಗೆ ಮರಳಿದ ರೋಮನ್ ಚಕ್ರವರ್ತಿ ಜೂಲಿಯನ್, 362ರಲ್ಲಿ ತನ್ನ ಕಡೆಯ ಪ್ರಧಾನ ಪುರೋಹಿತರೊಬ್ಬರಿಗೆ ಬರೆದ ಪತ್ರದಲ್ಲಿ, ಆ ಗಲಿಲೇಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದುದು ಹಾಗೆ) ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮಗಿದು ನಾಚಿಕೆಗೇಡು ಎಂದು ಗೊಣಗಿದ್ದಾನೆ. ವಿರೋಧಿಯ ಬಾಯಿಂದ ಬಂದ ದೂರಾದ್ದರಿಂದ ನಾನು ಅದನ್ನು ಹೊಗಳಿಕೆಗಿಂತ ಹೆಚ್ಚು ನಂಬುತ್ತೇನೆ.

ದರ್ಜಿಯವರಿಗೆ ನಮ್ಮಿಂದ ಏನೂ ಬೇಕಿರಲಿಲ್ಲ, ಹಾಗೆಂದು ಖಂಡಿತವಾಗಿ ಹೇಳಿಯೂಬಿಟ್ಟರು. ಅಕ್ಕಪಕ್ಕದವರ ಹರಿದ ಬಟ್ಟೆಗಳಿಗೆ ಹೊಲಿಗೆ ಹಾಕಿ ಜೀವನ ಸಾಗಿಸುತ್ತಿದ್ದರು. ಟೀಚರ್ ಕೇಳಿ ಸುಮ್ಮನಾದರು. ನಾನು ಗೋಡೆ ನೋಡುತ್ತಾ ಕುಳಿತೆ. ತುಂಬ ಹೊತ್ತಾದ ಮೇಲೆ ಅವರು ಒಂದು ಡಬ್ಬಿಯನ್ನು ನನ್ನ ಕಡೆ ತಳ್ಳಿ, "ಕಣ್ಣು ಸರಿಯಿದೆಯಲ್ಲ ಮಗಳೇ, ಇವಕ್ಕೆ ದಾರ ಪೋಣಿಸಿ ಕೊಡು" ಎಂದರು. ಡಬ್ಬಿಯಲ್ಲಿ ಸೂಜಿಗಳು. ಹೊಲಿಯಲು ಅವರ ಬೆರಳುಗಳಿಗೆ ಕಣ್ಣಿನ ಹಂಗಿರಲಿಲ್ಲ, ಸೂಜಿಯ ಕಣ್ಣು ಮಾತ್ರ ಕಾಣುತ್ತಿರಲಿಲ್ಲ. ಒಂದು ವಾರಕ್ಕೆ ಬೇಕಾಗುವಷ್ಟು ಸೂಜಿಗಳಿಗೆ ಬೇರೆ ಬೇರೆ ಬಣ್ಣದ ದಾರ ಪೋಣಿಸಿ, ಒಂದು ದಪ್ಪ ಬಟ್ಟೆಗೆ ಸಾಲಾಗಿ ಚುಚ್ಚಿಟ್ಟೆ. ಕಪ್ಪು ಮೊದಲು, ಬಿಳಿ ಆಮೇಲೆ, ಬಣ್ಣದವು ಕೊನೆಗೆ. ಕ್ರಮ ತಪ್ಪಿದರೆ ಅವರಿಗೆ ತಡಕಾಟ. ಅಲ್ಲಿಂದ ಮುಂದೆ ಪ್ರತಿವಾರ ಇದೇ ಕೆಲಸ. ಪೋಣಿಸುವಾಗ ಅವರು ರಾಜಕೀಯ ಮಾತನಾಡುತ್ತಿದ್ದರು, ನಾನು ಒಪ್ಪುತ್ತಿರಲಿಲ್ಲ, ಜಗಳದಂಥ ಮಾತುಕತೆ ನಡೆಯುತ್ತಿತ್ತು. ಎದ್ದು ಬರುವಾಗ ಮಾತ್ರ ಇನ್ನೊಂದು ಸೂಜಿ ಉಳಿದಿದೆ ಎನ್ನುತ್ತಿದ್ದರು, ಉಳಿದಿರುತ್ತಿರಲಿಲ್ಲ.

ರೋಗಿಯಲ್ಲಿ ಕ್ರಿಸ್ತನನ್ನು ಕಾಣಬೇಕು ಎಂಬ ಮಾತನ್ನು ನಮ್ಮಲ್ಲಿ ಮೇಲಿಂದ ಮೇಲೆ ಹೇಳುತ್ತಾರೆ. ನಾನು ಪ್ರಯತ್ನಪಟ್ಟೆ. ನನಗೆ ಕಂಡದ್ದು ದರ್ಜಿಯೇ, ಅವರ ಹಠವೇ. ಭಕ್ತಿಯಿಂದ ಮನಸ್ಸು ತುಂಬಿ ಬರುವುದಿರಲಿ, ಕೆಲವು ಶನಿವಾರ ಹೊರಡಲೂ ಮನಸ್ಸಾಗುತ್ತಿರಲಿಲ್ಲ. ಇದನ್ನು ಟೀಚರ್ ಬಳಿ ಹೇಳಿದೆ. ಅವರು ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯವನ್ನು ಮತ್ತೆ ಓದಲು ಹೇಳಿದರು. ಹಸಿದಿದ್ದೆ, ಉಣ್ಣಲು ಕೊಟ್ಟಿರಿ. ರೋಗದಲ್ಲಿದ್ದೆ, ಆರೈಕೆ ಮಾಡಿದಿರಿ ಎಂದು ಅರಸನು ಹೇಳಿದಾಗ, ಆ ಒಳ್ಳೆಯವರು ಹೌದು ಪ್ರಭು ಎನ್ನುವುದಿಲ್ಲ, ನಿಮ್ಮನ್ನು ನಾವು ನೋಡಿದ್ದು ಯಾವಾಗ ಎಂದು ಕೇಳುತ್ತಾರೆ. ಅವರಿಗೂ ಕಂಡಿರಲಿಲ್ಲ. ಕಾಣದೆಯೇ ಕೊಟ್ಟಿದ್ದರು, ಅದೇ ಲೆಕ್ಕಕ್ಕೆ ಬಂತು. ಇದನ್ನು ಗಮನಿಸಿದ ಮೇಲೆ ನನ್ನ ಹೆಗಲ ಮೇಲಿದ್ದ ಒಂದು ಹೊರೆ ಇಳಿಯಿತು. ನನ್ನಿಂದ ಕೇಳಿದ್ದು ಭಾವವನ್ನಲ್ಲ, ಶನಿವಾರವನ್ನು. ಭಾವ ಬಂದರೆ ಬರಲಿ. ಬಂದಾಗ ಅದು ಸೂಜಿ ಪೋಣಿಸಿದ ಮೇಲೆಯೇ ಬಂದಿದೆ, ಮೊದಲು ಬಂದದ್ದು ಅಪರೂಪ.

ಮೊದಲನೆಯ ಮನೆಯಲ್ಲಿ ಗಂಡನಿಗೆ ಪಾರ್ಶ್ವವಾಯು ಬಡಿದು ವರ್ಷಗಳಾಗಿದ್ದವು. ಮಾತು ಹೋಗಿತ್ತು, ಬಲಗಡೆಯ ಕೈಕಾಲು ಆಡುತ್ತಿರಲಿಲ್ಲ. ಜೊತೆಗೆ ಹೆಂಡತಿ ಇದ್ದುದರಿಂದ ಪಟ್ಟಿಯ ಪ್ರಕಾರ ಬೇಗ ಮುಗಿಸಬೇಕಾದ ಮನೆ. ತಂಡ ಮೊದಲಿನಿಂದಲೂ ಅಲ್ಲಿಗೆ ದಿನಸಿ ಕೊಂಡೊಯ್ಯುತ್ತಿತ್ತು, ಔಷಧಿಯ ಖರ್ಚಿಗೆ ಒಂದಷ್ಟು ಕೊಡುತ್ತಿತ್ತು. ಏನು ಬೇಕು ಎಂದು ಕೇಳಿದಾಗಲೆಲ್ಲ ಆಕೆ ಗಂಡನಿಗೆ ಬೇಕಾದದ್ದನ್ನೇ ಹೇಳುತ್ತಿದ್ದರು. ಒಮ್ಮೆ ಟೀಚರ್, "ಅವರಿಗಲ್ಲಮ್ಮ, ನಿಮಗೆ?" ಎಂದು ಕೇಳಿ, ತಮ್ಮದೇ ನಿಯಮದಂತೆ ಸುಮ್ಮನೆ ಕುಳಿತರು. ಆಕೆ ನೆಲ ನೋಡಿದರು, ಸೆರಗಿನ ಅಂಚು ತಿರುಚಿದರು. ಕೊನೆಗೆ, "ನಿದ್ದೆ ಬೇಕು ಟೀಚರ್" ಎಂದರು.

ಮಗ್ಗುಲು ಬದಲಿಸಲಾಗದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಇಲ್ಲವಾದರೆ ಸೊಂಟ, ಬೆನ್ನು, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣು ಏಳುತ್ತದೆ, ಎದ್ದರೆ ಬೇಗ ಮಾಯುವುದಿಲ್ಲ. ಹಗಲಿಗೂ ರಾತ್ರಿಗೂ ಅದೇ ನಿಯಮ. ಅಂದರೆ ಆಕೆ ವರ್ಷಗಳಿಂದ ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ಮಲಗಿದವರೇ ಅಲ್ಲ. ನಾವು ಚೀಲಗಟ್ಟಲೆ ದಿನಸಿ ಹೊತ್ತು ಬಂದು ಈ ಮನೆಯ ಅಗತ್ಯ ಪೂರೈಸಿದೆವೆಂದು ಪುಸ್ತಕದಲ್ಲಿ ಬರೆಯುತ್ತಿದ್ದೆವು. ನಿದ್ದೆಗೆ ನನ್ನ ಪುಸ್ತಕದಲ್ಲಿ ಅಂಕಣವಿರಲಿಲ್ಲ.

ಧರ್ಮಕೇಂದ್ರದ ಒಬ್ಬ ನರ್ಸ್ ಬಂದು ನಮಗೆ ಕೆಲಸ ಕಲಿಸಿದರು. ಹೊರಳಿಸಬೇಕಾದ ಕಡೆ ನಾವು ನಿಲ್ಲಬೇಕು. ಆಚೆಯ ಮಂಡಿಯನ್ನು ಮಡಿಸಿ, ಒಂದು ಕೈ ಭುಜದ ಮೇಲೆ, ಇನ್ನೊಂದು ಕೈ ಸೊಂಟದ ಮೇಲೆ ಇಟ್ಟು, ನಮ್ಮ ಕಡೆಗೆ ನಿಧಾನವಾಗಿ ಉರುಳಿಸಿಕೊಳ್ಳಬೇಕು. ಎಳೆಯಬಾರದು, ಹಾಸಿಗೆಗೆ ಉಜ್ಜಿದರೆ ಚರ್ಮ ಕಿತ್ತುಬರುತ್ತದೆ. ಬೆನ್ನಿಗೆ ಒಂದು ದಿಂಬು, ಮಂಡಿಗಳ ನಡುವೆ ಒಂದು ದಿಂಬು. ಬಲವಿಲ್ಲದ ಕೈಯನ್ನು ಹಿಡಿದು ಎಳೆಯಲೇಬಾರದು, ಭುಜದ ಕೀಲು ಜಾರುತ್ತದೆ. ಪರಪುರುಷನ ಮೈ ಮುಟ್ಟುವ ಸಂಕೋಚ ನನಗಿತ್ತು, ಆ ಸಂಕೋಚ ಅವರ ಕಣ್ಣಲ್ಲಿ ನನಗಿಂತ ಹೆಚ್ಚಾಗಿತ್ತು. ಅದಕ್ಕೆ ತಂಡದ ಇಬ್ಬರು ಗಂಡಸರು ಆ ಕೆಲಸ ವಹಿಸಿಕೊಂಡರು, ನಾನು ದಿಂಬು ಹಿಡಿದೆ, ಪತ್ರಿಕೆ ಓದಿ ಹೇಳಿದೆ. ಕ್ರೀಡಾ ಪುಟ ಬಿಟ್ಟು ಬೇರೆ ಏನು ಓದಿದರೂ ಅವರು ಎಡಗೈಯಿಂದ ಹಾಸಿಗೆಯ ಅಂಚನ್ನು ಬಡಿಯುತ್ತಿದ್ದರು. ಶನಿವಾರ ಮಧ್ಯಾಹ್ನ ಊಟ ಮುಗಿದಾಗಿನಿಂದ ಸಂಜೆ ದೀಪ ಹಚ್ಚುವವರೆಗೆ ನಾವು ಇರುತ್ತಿದ್ದೆವು. ಆಕೆ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಮೊದಮೊದಲು ಅರ್ಧ ಗಂಟೆಗೇ ಎದ್ದು ಬಂದು ಇಣುಕುತ್ತಿದ್ದರು, ಆಮೇಲೆ ನಂಬಿದರು.

ಒಬ್ಬ ಸಹೋದರನಿಗೋ ಸಹೋದರಿಗೋ ಬಟ್ಟೆಯಿಲ್ಲ, ಊಟವಿಲ್ಲ ಎಂದಾಗ, ಹೋಗಿ ಬನ್ನಿ, ಬೆಚ್ಚಗಿರಿ, ಹೊಟ್ಟೆ ತುಂಬ ಉಣ್ಣಿ ಎಂದು ಹೇಳಿ ಕಳುಹಿಸಿದರೆ ಏನು ಬಂತು ಎಂದು ಯಕೋಬ ತನ್ನ ಪತ್ರದಲ್ಲಿ ಕೇಳುತ್ತಾನೆ. ಆ ಪತ್ರದ ಒರಟುತನ ನನಗೆ ಇಷ್ಟ. ಆದರೆ ಅನುಭವದಿಂದ ಒಂದು ಮಾತು ಸೇರಿಸಬೇಕೆನಿಸುತ್ತದೆ: ನಿದ್ದೆಯಿಲ್ಲದವರಿಗೆ ದಿನಸಿ ಕೊಡುವುದೂ ಹೆಚ್ಚುಕಡಿಮೆ ಅದೇ ಜಾತಿಯ ಮಾತು.

ಸಭೆಗಳಲ್ಲಿ ಎಲ್ಲವೂ ಪ್ರೀತಿಮಯವಾಗಿತ್ತು ಎಂದು ಯಾರೂ ತಿಳಿಯಬಾರದು. ನಮ್ಮಲ್ಲಿ ಒಬ್ಬರು ವರದಿಗೆ ನಿಂತರೆ ಕೂರುವುದಿಲ್ಲ. ಅವರ ಮಾತು ಕೇಳುವಾಗ ನಾನು ಫ್ರಾನ್ಸಿನ ಲಿಸ್ಯೂನ ತೆರೇಸಮ್ಮನವರನ್ನು ನೆನೆಯುತ್ತಿದ್ದೆ. ಹದಿನೈದರ ವಯಸ್ಸಿನಲ್ಲಿ ಮಠ ಸೇರಿ, 1897ರಲ್ಲಿ ಇಪ್ಪತ್ತನಾಲ್ಕಕ್ಕೇ ತೀರಿಕೊಂಡ ಆ ಸಂತಳು, ಬಟ್ಟೆ ಒಗೆಯುವಾಗ ಎದುರಿನ ಸಿಸ್ಟರ್ ಕೊಳೆನೀರನ್ನು ಮುಖಕ್ಕೆ ಎರಚುತ್ತಿದ್ದರೂ ಮುಖ ಹಿಂದೆಗೆಯದೆ ಸಹಿಸುವುದನ್ನು ಕಲಿತದ್ದನ್ನು ಬರೆದಿಟ್ಟಿದ್ದಾಳೆ. ದೂರದ ಬಡವರನ್ನು ಪ್ರೀತಿಸುವವರು ಬಹಳ ಮಂದಿ. ಒಗೆಯುವ ಕಲ್ಲಿನ ಎದುರು ನಿಂತವರನ್ನು ಪ್ರೀತಿಸುವುದರ ಬಗ್ಗೆ ಬರೆದವರು ಕಡಿಮೆ.

ದೊಡ್ಡ ಜಗಳ ನಡೆದದ್ದು ಕುಡಿಯುವ ಒಬ್ಬನ ವಿಷಯದಲ್ಲಿ. ಅವನ ಮನೆಗೆ ಸಹಾಯ ನಿಲ್ಲಿಸಬೇಕೆಂದು ಅರ್ಧ ಜನ, ಬಡವನ ಗುಣಾವಗುಣ ಅಳೆಯುವುದು ನಮ್ಮ ಕೆಲಸವಲ್ಲ ಎಂದು ಉಳಿದರ್ಧ. ಎರಡನೆಯವರ ಕೈಯಲ್ಲಿ ದೊಡ್ಡ ಸಾಕ್ಷಿಯಿತ್ತು. ಅಂತಿಯೋಕ್ಯದಲ್ಲಿ ನಾಲ್ಕನೆಯ ಶತಮಾನದ ಕೊನೆಯಲ್ಲಿ ಬೋಧಿಸಿದ ಸಂತ ಜಾನ್ ಕ್ರಿಸೊಸ್ಟೊಮ್, ದಾನಿಯಾದವನು ಬಂದರಿನಂತಿರಬೇಕು, ಹಡಗೊಡೆದು ಬಂದವರು ಒಳ್ಳೆಯವರೋ ಕೆಟ್ಟವರೋ ಎಂದು ಬಂದರು ವಿಚಾರಿಸುವುದಿಲ್ಲ ಎಂದಿದ್ದಾರೆ. ಮಾತು ದೊಡ್ಡದು. ಆದರೂ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆ ಮನೆಯಲ್ಲಿ ಹಡಗೊಡೆದದ್ದು ಒಬ್ಬನದ್ದಲ್ಲ. ಹೆಂಡತಿಯೂ ಮಕ್ಕಳೂ ಅದೇ ನೀರಿನಲ್ಲಿದ್ದರು. ನಗದು ಕೊಟ್ಟರೆ ಅದು ಯಾರ ಕೈ ಸೇರುತ್ತದೆ ಎಂದು ಕೇಳುವುದು ತೀರ್ಪಲ್ಲ, ಲೆಕ್ಕ. ಕೊನೆಗೆ ಮನೆ ಬಾಡಿಗೆಯನ್ನು ಮಾಲೀಕರಿಗೇ, ಶಾಲೆಯ ಶುಲ್ಕವನ್ನು ಶಾಲೆಗೇ ಕಟ್ಟುವುದೆಂದಾಯಿತು. ಭೇಟಿಗೆ ಹೋದಾಗ ಅವನ ಜೊತೆಗೂ ಎಲ್ಲರ ಜೊತೆಗೆ ಕುಳಿತಂತೆಯೇ ಕುಳಿತು ಮಾತನಾಡುವುದೆಂದೂ ಬರೆದುಕೊಂಡೆವು. ಎರಡನೆಯ ನಿರ್ಣಯವೇ ಹೆಚ್ಚು ದುಬಾರಿಯಾಗಿತ್ತು.

ಹಂಚಿಕೆಯ ಜಗಳ ಧರ್ಮಸಭೆಗೆ ಹೊಸದಲ್ಲ ಎಂಬುದೇ ನನಗೊಂದು ಸಮಾಧಾನ. ಯೇಸುವಿನ ಪ್ರೇಷಿತರ, ಅಂದರೆ ಆತ ಕಳುಹಿಸಿದ ಶಿಷ್ಯರ, ಕಥೆ ಹೇಳುವ ಬೈಬಲ್ಲಿನ ಪುಸ್ತಕ ‘ಪ್ರೇಷಿತರ ಕಾರ್ಯಕಲಾಪಗಳ’ ಆರಂಭದಲ್ಲಿ, ವಿಶ್ವಾಸಿಗಳು ತಮ್ಮದೆಂದು ಏನನ್ನೂ ಇಟ್ಟುಕೊಳ್ಳದೆ ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಿಕೊಂಡರು ಎಂಬ ಸುಂದರ ವರ್ಣನೆ ಬರುತ್ತದೆ. ಆರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಗೊಣಗಾಟ: ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ. ಪ್ರೇಷಿತರು ಗೊಣಗಬೇಡಿ ಎಂದು ಗದರಿಸಲಿಲ್ಲ. ಏಳು ಮಂದಿಯನ್ನು ಆರಿಸಿ ಆ ಕೆಲಸಕ್ಕೇ ನೇಮಿಸಿದರು. ಆ ಏಳೂ ಜನರ ಹೆಸರು ಗ್ರೀಕ್ ಹೆಸರುಗಳು. ಕಡೆಗಣನೆಗೆ ಒಳಗಾದ ಕಡೆಯವರ ಕೈಗೇ ಸೌಟು ಕೊಟ್ಟಂತೆ ನನಗೆ ಕಾಣುತ್ತದೆ. ಎರಡನೆಯ ಶತಮಾನದ ನಡುವಿನಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್, ಭಾನುವಾರದ ಆರಾಧನೆಯನ್ನು ವರ್ಣಿಸುವಾಗ ಕಾಣಿಕೆಯ ವಿವರವನ್ನೂ ಬಿಡುವುದಿಲ್ಲ: ಉಳ್ಳವರು ತಮಗೆ ತೋಚಿದಷ್ಟು ಕೊಡುತ್ತಾರೆ, ಅದು ಸಭೆಯ ಮುಖ್ಯಸ್ಥರ ಬಳಿ ಸೇರುತ್ತದೆ, ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರಸ್ಥಳದಿಂದ ಬಂದವರು ಆರೈಕೆ ಪಡೆಯುತ್ತಾರೆ. ಪರಮಪ್ರಸಾದ ಹಂಚಿದ ವಿವರದ ಬೆನ್ನಿಗೇ ಹಣ ಹಂಚಿದ ವಿವರ. ನಾನು ಪುಸ್ತಕ ಬರೆಯಲು ಕುಳಿತಾಗ ಇದನ್ನು ಪೂಜೆಯ ಹೊರಗಿನ ಕೆಲಸ ಎಂದು ಈಗ ಅಂದುಕೊಳ್ಳುವುದಿಲ್ಲ.

ಮನೆಯಲ್ಲಿ ಏನಾಯಿತು ಎಂದು ಕೇಳುವವರಿದ್ದಾರೆ. ಹೆಚ್ಚೇನೂ ಆಗಲಿಲ್ಲ. ಶನಿವಾರದ ಅಡುಗೆ ಯಜಮಾನರ ಪಾಲಿಗೆ ಹೋಯಿತು, ರುಚಿಯ ಬಗ್ಗೆ ನಾನು ಮಾತನಾಡುವುದಿಲ್ಲ. ಕೇಳಿ ಸುಮ್ಮನಿರುವ ಅಭ್ಯಾಸವನ್ನು ಅವರ ಮೇಲೆ ಪ್ರಯೋಗಿಸಿದೆ. "ನಿಮಗೆ ಏನು ಬೇಕು?" ಎಂದು ಕೇಳಿ ಕಾದೆ. ಬಹಳ ಯೋಚಿಸಿ, ಊಟ ಮಾಡುವಾಗ ಕಚೇರಿಯ ಕಥೆ ಹೇಳಬೇಡ ಎಂದರು. ಒಪ್ಪಿಕೊಂಡಿದ್ದೇನೆ, ಸಾಧ್ಯವಾದಷ್ಟು ಪಾಲಿಸುತ್ತಿದ್ದೇನೆ.

ಈಸ್ಟರ್ ಕಳೆದು ಎಷ್ಟೋ ದಿನಗಳ ಮೇಲೆ, ಪಾರ್ಶ್ವವಾಯು ರೋಗಿಯ ಹೆಂಡತಿ ನಾವು ಹೊರಡುವಾಗ ಮಡಚಿದ ಒಂದು ನೋಟನ್ನು ನನ್ನ ಕೈಗಿಟ್ಟು, "ನಿಮ್ಮ ಚೀಲಕ್ಕೆ" ಎಂದರು. ನಾನು ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಟೀಚರ್ ನನ್ನ ಮೊಣಕೈ ಹಿಡಿದರು. ಸಭೆಯಲ್ಲಿ ಇದಕ್ಕೂ ವಾದವಾಯಿತು. ನಾವು ಸಹಾಯ ಮಾಡುವ ಮನೆಯಿಂದಲೇ ಹಣ ತೆಗೆದುಕೊಳ್ಳುವುದು ಸರಿಯೇ? ಟೀಚರ್, ಸಂತ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯವನ್ನು ತೆರೆದರು. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲ ಕಾಣಿಕೆ ಎತ್ತುತ್ತಿದ್ದ ಕಾಲ. ಮಕೆದೋನಿಯದ ಸಭೆಗಳು ಕಡುಬಡತನದಲ್ಲಿದ್ದವು. ಆದರೂ ನಮಗೂ ಇದರಲ್ಲಿ ಪಾಲು ಕೊಡಿ ಎಂದು ಅವರು ಪೌಲನನ್ನು ಅಂಗಲಾಚಿ ಬೇಡಿಕೊಂಡರು. ಕೊಡುವುದಕ್ಕೆ ಅಂಗಲಾಚಿದವರು ಬಡವರು. ಮುಂದುವರಿದು ಪೌಲ, ಇತರರ ಭಾರ ಇಳಿಸಿ ನಿಮ್ಮನ್ನು ತೊಂದರೆಗೆ ಸಿಕ್ಕಿಸಬೇಕೆಂದಲ್ಲ, ಸಮಾನತೆ ಇರಲಿ ಎಂದು. ಈಗ ನಿಮ್ಮ ಸಮೃದ್ಧಿ ಅವರ ಕೊರತೆಗೆ, ಮುಂದೆ ಅವರ ಸಮೃದ್ಧಿ ನಿಮ್ಮ ಕೊರತೆಗೆ ಎನ್ನುತ್ತಾನೆ. ಅಂದರೆ ಯಾರಿಗೂ ಕೊಡುವವರ ಕುರ್ಚಿ ಕಾಯಂ ಅಲ್ಲ. ನೋಟು ಚೀಲಕ್ಕೆ ಬಿತ್ತು. ಎಣಿಸುವಾಗ ಅದು ಯಾವುದೆಂದು ಗುರುತಿಸಲು ಯಾರಿಗೂ ಆಗಲಿಲ್ಲ, ಚೀಲದ ಉದ್ದೇಶವೂ ಅದೇ.

ನೋಟು ಕೊಟ್ಟ ಆಕೆ ಅಷ್ಟಕ್ಕೇ ನಿಲ್ಲಲಿಲ್ಲ. ತಾನೂ ಭೇಟಿಗೆ ಬರುತ್ತೇನೆ ಎಂದರು. ನಿದ್ದೆಯನ್ನು ಬಿಟ್ಟೇ ಎಂದು ನಾವು ಗಾಬರಿಯಾದೆವು. ಶನಿವಾರದ ನಿದ್ದೆಗೆ ಕೈ ಹಚ್ಚಬೇಡಿ, ಬುಧವಾರ ಸಂಜೆ ನಾದಿನಿ ಬಂದು ಅಣ್ಣನ ಪಕ್ಕ ಕೂರುತ್ತಾಳೆ, ಆಗ ಬಿಡುವಿದೆ ಎಂದು ಅವರೇ ಲೆಕ್ಕ ಹಾಕಿಟ್ಟಿದ್ದರು. ಹೊಸದಾಗಿ ಪಟ್ಟಿಗೆ ಬಂದಿದ್ದ ಒಂದು ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು, ಮಗಳಿಗೆ ಏನೂ ತಿಳಿಯದು. ನಾನೂ ಅವರೂ ಜೋಡಿಯಾಗಿ ಹೋದೆವು. ದಿಂಬು ಇಡುವುದು, ಹೊರಳಿಸುವುದು, ಹಿಮ್ಮಡಿ ಕೆಂಪಾಗಿದೆಯೇ ಎಂದು ನೋಡುವುದು, ಎಲ್ಲವನ್ನೂ ಅವರು ಆ ಹುಡುಗಿಗೆ ಹೇಳಿಕೊಟ್ಟದ್ದು ನಮ್ಮ ನರ್ಸ್ ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿತ್ತು. ರಾತ್ರಿ ಅಲಾರಂ ಇಟ್ಟು ಏಳುವಾಗ ದೀಪ ಹಾಕಬೇಡ, ಹಾಕಿದರೆ ನಿನಗೆ ಮತ್ತೆ ನಿದ್ದೆ ಹತ್ತುವುದಿಲ್ಲ ಎಂದು ಸೇರಿಸಿದರು. ಅಂಥದ್ದು ನರ್ಸ್‌ಗೂ ಹೊಳೆದಿರಲಿಲ್ಲ.

ಈಗ ಅವರು ಸಭೆಗೂ ಬರುತ್ತಾರೆ. ಮೊದಲ ಸಭೆಯಲ್ಲೇ ನನ್ನ ಪಟ್ಟಿಯನ್ನು ತೆಗೆದುಕೊಂಡು ನೋಡಿ, ಒಂದೇ ಬೀದಿಯ ಎರಡು ಮನೆಗಳನ್ನು ಎರಡು ಜೋಡಿಗಳಿಗೆ ಯಾಕೆ ಹಾಕಿದ್ದೀರಿ, ನಡೆಯುವವರ ಕಾಲಿಗೆ ಬೆಲೆಯಿಲ್ಲವೇ ಎಂದು ಕೇಳಿದರು. ದರ್ಜಿಯವರ ಮನೆ ಕೊನೆಗೇ ಇರಬೇಕು, ಆ ಕ್ರಮ ಮಾತ್ರ ಕೆಡಿಸಬೇಡಿ ಎಂದೆ. ಅದಕ್ಕೆ ಒಪ್ಪಿದರು. ಉಳಿದದ್ದನ್ನೆಲ್ಲ ಹೊಡೆದುಹಾಕಿ, ಬೀದಿಗಳ ಪ್ರಕಾರ ಹೊಸ ಪಟ್ಟಿ ಬರೆಸಿದರು.